ಬ್ಯಾಟರಿಗೆ ಕಾಯಿ ನೀರು

ನವೆಂಬರ್ 24, ಸೋಮವಾರ, ಬೆಳಿಗ್ಗೆ ಐದೂವರೆ. ಅಪ್ಪ ಕೀಲಿ ತಿರುಗಿಸಿದರು. ಕ್ಯಾಂಟರ್ ಲಾರಿ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಮೊದಲ ಸಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹಾಲಿಗೆ ಹೊರಟಿದ್ದ ನಾಲ್ವರು, ಅಮ್ಮ, ನಾನು ಸೇರಿ ತಳ್ಳಿದೆವು. ಶ್ರೀಗಂಧದ ಕಾವಲಿನ ನಮ್ಮ ಬೀದಿ ಮಾಗಡಿ ರಸ್ತೆಯ ಕಡೆಗೆ ಇಳಿಜಾರು. ಮೂಲೆ ತಲುಪುವಷ್ಟರಲ್ಲಿ ಹೊಗೆ ಬಂತು, ಅಪ್ಪ ಕೈ ಬೀಸಿ ಹೋದರು.

ಅಪ್ಪನಿಗೆ ಇದ್ದದ್ದು ಒಂದೇ ಡ್ಯೂಟಿ. ಕತ್ತರಿಸಿದ ಬಟ್ಟೆಯ ಹೊರೆಗಳನ್ನು ಹೇರಿಕೊಂಡು ಏಳೂವರೆಯ ಒಳಗೆ ಕೆಂಗೇರಿಯ ಒಂದು ಗಾರ್ಮೆಂಟ್ಸ್‌ಗೆ ಮುಟ್ಟಿಸಬೇಕು. ಬಟ್ಟೆ ಬಾರದಿದ್ದರೆ ಅಲ್ಲಿ ಹೊಲಿಯುವ ಹೆಂಗಸರೆಲ್ಲ ಮೆಷಿನ್ ಮುಂದೆ ಕೈಕಟ್ಟಿ ಕೂರಬೇಕು. ಡಿಸೆಂಬರಿನಲ್ಲಿ ಬ್ಯಾಟರಿ ಐದು ಸಲ ಸತ್ತಿತು. ಮೂರು ಸಲ ಅಪ್ಪ ತಡವಾಗಿ ಹೋದರು. ಅಲ್ಲಿಯ ಸೂಪರ್‌ವೈಸರ್ ಫೋನಿನಲ್ಲಿ ಆಡಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಏನ್ರೀ, ನಿಮ್ ಗಾಡಿ ಬಂದ್ರೆ ನಮಗೆ ಹಬ್ಬ ಆಗೋಯ್ತಲ್ಲ! ಇನ್ನೊಂದ್ಸಲ ಹಿಂಗಾದ್ರೆ ಬೇರೆ ಗಾಡಿ ನೋಡ್ಕೋತೀನಿ ಅಷ್ಟೇ."

"ಇಲ್ಲ ಸಾರ್, ಇನ್ಮೇಲೆ ಆಗಲ್ಲ ಸಾರ್," ಎಂದರು ಅಪ್ಪ.

ಮಾರೇನಹಳ್ಳಿಯ ಎಲೆಕ್ಟ್ರಿಷಿಯನ್ ಬಂದು ಇಡೀ ಬೆಳಿಗ್ಗೆ ನೋಡಿದ. ಬ್ಯಾಟರಿ ಬಿಚ್ಚದೆಯೇ ತನ್ನ ವೈರುಗಳನ್ನು ಸಿಕ್ಕಿಸಿ ಪರೀಕ್ಷಿಸಿದ. "ಡೈನಮೋ ಚೆನ್ನಾಗಿದೆ, ಬ್ಯಾಟರಿನೂ ಚೆನ್ನಾಗಿದೆ. ಗಾಡಿಗೇ ಬೇಜಾರಾಗಿರ್ಬೇಕು ಅಣ್ಣ, ಒಂದ್ಸಲ ಊಟಿಗೆ ಕರ್ಕೊಂಡೋಗಿ," ಎಂದ. ಅಪ್ಪ ನಗಲಿಲ್ಲ. ಬ್ಯಾಟರಿಯ ಮೇಲೆ ಭಾರ ಕಡಿಮೆಯಾಗಲಿ ಎಂದು ಅವನು ಹಾಡಿನ ಟೇಪಿನ ವೈರು ಕತ್ತರಿಸಿದ, ಕ್ಯಾಬಿನ್ನಿನ ಫ್ಯಾನು ತೆಗೆದ. ನಾಲ್ಕು ದಿನ ಗಾಡಿ ಸ್ಟಾರ್ಟ್ ಆಯಿತು. ಐದನೆಯ ದಿನ ಮತ್ತೆ ಟಕ್.

ಕೆಳಗಿನ ಮನೆಯ ಅಜ್ಜಿ ಅಮ್ಮನಿಗೆ, "ಯಾರ್ದೋ ಕಣ್ಣು ಬಿದ್ದಿದೆ ಕಣಮ್ಮ, ಅಮಾಸೆಗೆ ಮಾತ್ರ ಪೂಜೆ ಮಾಡಿದ್ರೆ ಸಾಲ್ದು," ಎಂದಿತು. ಗಾಡಿ ಬಂದಂದಿನಿಂದ ಅಮಾವಾಸ್ಯೆಗೆ ಅದರ ಪೂಜೆ ಮಾಡುತ್ತಿದ್ದವಳು ಅಮ್ಮನೇ. ಮುಂದಿನ ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ಕುಂಕುಮ. ಕಾಯಿ ಒಡೆದ ಮೇಲೆ ಆ ನೀರನ್ನು ಅವಳು ನೆಲಕ್ಕೆ ಚೆಲ್ಲುತ್ತಿರಲಿಲ್ಲ. ಚಾಸಿಯ ಪಕ್ಕದ ಪೆಟ್ಟಿಗೆಯ ಮುಚ್ಚಳ ಎತ್ತಿ ಬ್ಯಾಟರಿಯ ಮೇಲೆ ಹಾಕುತ್ತಿದ್ದಳು. ಆಮೇಲೆ ಒದ್ದೆ ವಿಭೂತಿಯಲ್ಲಿ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ಎಳೆದು ನಡುವೆ ಕುಂಕುಮ ಇಡುತ್ತಿದ್ದಳು. "ಗಾಡಿ ಜೀವ ಇರೋದು ಇಲ್ಲಿ ಕಣೇ," ಎನ್ನುತ್ತಿದ್ದಳು. ಅಜ್ಜಿಯ ಮಾತು ಕೇಳಿದ ಮೇಲೆ ಸೋಮವಾರ, ಶುಕ್ರವಾರವೂ ಕಾಯಿ ಒಡೆಯತೊಡಗಿದಳು.

ಜನವರಿ 25, ಭಾನುವಾರ ಮಧ್ಯಾಹ್ನ. ಡಿಪ್ಲೊಮಾ ಓದುವಾಗ ಕೊಂಡಿದ್ದ ಮೀಟರ್ ಹಿಡಿದು ನಾನೇ ಕೂತೆ. ದಿನಾ ಬೆಳಿಗ್ಗೆ, ಸಂಜೆ ವೋಲ್ಟ್ ಅಳೆದು ಬರೆದಿಡುವುದು ಆಗ ನನಗೆ ರೂಢಿಯಾಗಿತ್ತು. ಅಂದು ಮೀಟರಿನ ಕೆಂಪು ಕಡ್ಡಿ ಕೈಜಾರಿ ಬ್ಯಾಟರಿಯ ಪ್ಲಾಸ್ಟಿಕ್ ಮೈಗೆ ತಾಗಿತು. ಮೀಟರು ಸುಮಾರು ನಾಲ್ಕು ವೋಲ್ಟ್ ತೋರಿಸಿತು. ಬರೀ ಪ್ಲಾಸ್ಟಿಕ್ಕಿನ ಮೇಲೆ ಏನೂ ತೋರಿಸಬಾರದು. ಬಗ್ಗಿ ನೋಡಿದೆ. ಕಾಯಿ ನೀರು, ವಿಭೂತಿ, ಕುಂಕುಮ ಕೂಡಿ ಎರಡು ತುದಿಗಳ ನಡುವೆ ಅಂಟಂಟಾದ ದಪ್ಪ ಪದರವಾಗಿತ್ತು. ಅದರ ಮೂಲಕವೇ ಕರೆಂಟು ಹರಿಯುತ್ತಿತ್ತು. ವೈರು ಬಿಗಿಯುವ ಕ್ಲ್ಯಾಂಪಿನ ಅಡಿಯಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ. ಅದು ತುದಿಯ ಸೀಸವನ್ನು ತಿಂದುಹಾಕಿತ್ತು. ಎಲೆಕ್ಟ್ರಿಷಿಯನ್ನನಿಗೆ ಇದು ಕಾಣಲಿಲ್ಲವೆಂದಲ್ಲ. ಅವನು ಆ ಪಟ್ಟೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದನ್ನು ನಾನೇ ನೋಡಿದ್ದೆ. ಪೂಜೆಯಾದದ್ದನ್ನು ಒರೆಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ವಿಭೂತಿ ಯಾಕೇ ಅಳಿಸ್ತಾ ಇದೀಯ?"

ಹೇಳಿದೆ. ಅವಳು ಜಗಳವಾಡಲಿಲ್ಲ. "ಹಂಗಾದ್ರೆ ಇಷ್ಟ್ ದಿನ ನಾನೇನಾ ಕೊಂದಿದ್ದು?" ಎಂದು ಒಳಗೆ ಹೋದಳು. ಅಪ್ಪ, "ಇರ್ಲಿ ಬಿಡು, ಈಗ ಗೊತ್ತಾಯ್ತಲ್ಲ," ಎಂದರು, ಅವಳಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿ.

ಆಮೇಲೆ ಮೂರು ವಾರ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಫೆಬ್ರವರಿಯ ಅಮಾವಾಸ್ಯೆಗೆ ಅಮ್ಮ ಗಾಡಿಯ ಹತ್ತಿರ ಹೋಗಲಿಲ್ಲ. ದೇವರ ಮನೆಯಲ್ಲೇ ಕಾಯಿ ಒಡೆದು ನೀರನ್ನು ಲೋಟಕ್ಕೆ ಬಗ್ಗಿಸಿ ನನಗೆ ಕೊಟ್ಟಳು.

ಫೆಬ್ರವರಿ 19, ಗುರುವಾರ, ಬೆಳಿಗ್ಗೆ ಐದೂವರೆ. ಟಕ್ ಕೂಡ ಇಲ್ಲ. ತಳ್ಳಲು ಇಬ್ಬರೇ ಸಿಕ್ಕಿದರು, ಗಾಡಿ ಅಲುಗಲಿಲ್ಲ. ಏಳೂ ಮುಕ್ಕಾಲಿಗೆ ಫೋನು ಬಂತು. ಸೂಪರ್‌ವೈಸರ್ ಈ ಸಲ ಬೈಯಲಿಲ್ಲ. "ಬೇರೆಯವ್ರಿಗೆ ಹೇಳಿದೀನಿ, ನೀವು ನಾಳೆಯಿಂದ ಬರ್ಬೇಡಿ," ಎಂದು ಇಟ್ಟುಬಿಟ್ಟ. ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡು ಸ್ಟೇರಿಂಗ್ ಮುಂದೆಯೇ ಕುಳಿತಿದ್ದರು. ಇಳಿಯುವ ಹೊತ್ತಿಗೆ ಬಿಸಿಲು ಗಾಜಿನವರೆಗೆ ಬಂದಿತ್ತು.

ಅಡುಗೆಮನೆಯಲ್ಲಿ ಅಮ್ಮ ನನ್ನ ಮುಖ ನೋಡದೆ ಹೇಳಿದಳು: "ನೀರು ಹಾಕಿದ್ರೂ ನಾನೇ, ಹಾಕ್ದೆ ಇದ್ರೂ ನಾನೇ."

ಬ್ಯಾಟರಿ ಅಂಗಡಿಯವರು ಒಳಗಿನ ಪ್ಲೇಟು ಹೋಗಿದೆ ಎಂದರು. ಯಾಕೆ ಹೋಯಿತು ಎಂದು ಕೇಳಿದೆ. "ಹೋಗೋದಕ್ಕೆ ಏನ್ ಕಾರಣ ಬೇಕು ಮೇಡಂ?" ಎಂದರು. ಡ್ಯೂಟಿಯೇ ಇಲ್ಲದೆ ಹೊಸ ಬ್ಯಾಟರಿ ಕೊಳ್ಳಲು ಆಗಲಿಲ್ಲ, ಗಾಡಿ ಈಗ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿದೆ. ಅಪ್ಪ ಬಾಪೂಜಿ ನಗರದಲ್ಲಿ ಇನ್ನೊಬ್ಬರ ಟೆಂಪೋ ಓಡಿಸುತ್ತಿದ್ದಾರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೊಳೆದ ಮೇಲಿನ ಲೆಕ್ಕ ಹೀಗಿದೆ: ಗಾಡಿ ನಿಂತುಹೋದ ದಿನದ ಹಿಂದಿನ ಸಂಜೆ ಹನ್ನೆರಡೂವರೆ ವೋಲ್ಟ್, ಆ ಬೆಳಿಗ್ಗೆ ಒಂಬತ್ತು ವೋಲ್ಟ್. ಎಂಜಿನ್ ಓಡುವಾಗ ಹದಿನಾಲ್ಕು. ಪ್ಲಾಸ್ಟಿಕ್ ಮೈಮೇಲೆ ಸೊನ್ನೆ. ಗಾಡಿ ನಿಂತಾಗ ಎಲ್ಲೂ ಸೋರಿಕೆಯಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆ ಚಾರ್ಜ್ ಆದದ್ದರಿಂದ ಪ್ಲೇಟು ಹೋಯಿತೆಂದರೆ ತಪ್ಪು ಕಾಯಿ ನೀರಿನದು. ಅಲ್ಲವೆಂದರೆ, ಪೂಜೆ ನಿಲ್ಲಿಸಿದ್ದಕ್ಕೇ ಹೀಗಾಯಿತು ಎನ್ನುತ್ತಾಳೆ ಅಮ್ಮ. ಈ ಎರಡೂ ಅಲ್ಲದ ಮೂರನೆಯ ಕಾರಣ ಒಂದಿರಬಹುದೇ? ಬ್ಯಾಟರಿಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ದಯವಿಟ್ಟು ಬರೆಯಿರಿ. ಸರಳ ಕನ್ನಡದಲ್ಲಿ ಬರೆಯಿರಿ, ಅಮ್ಮನಿಗೆ ಓದಿ ಹೇಳಬೇಕು.