ಅಜ್ಜಿಯ ಶುದ್ಧ ಬೆಕ್ಕು

ನಮ್ಮ ಅಜ್ಜಿಯಷ್ಟು ಅಕ್ಕರೆಯಿಂದ ಮುದಿ ಬೆಕ್ಕನ್ನು ಸಾಕಿದವರು ಶಹಾಬಾದದಲ್ಲಿ ಯಾರೂ ಇರಲಿಲ್ಲ. ಅಷ್ಟೇ ಅಕ್ಕರೆಯಿಂದ ಕೊಂದವರೂ ಇರಲಿಕ್ಕಿಲ್ಲ.

ಪ್ರಾಯದಲ್ಲಿ ಆ ಬೆಕ್ಕು ತೊಗರಿ ತುಂಬಿದ ಕೋಣೆಯಲ್ಲಿ ಇಲಿ ತಿಂದು ಗುಂಡಗೆ ಇತ್ತು. ಅಜ್ಜಿ ಕಂಡೂ ಕಾಣದಂತೆ ಇದ್ದಳು, ತೊಗರಿ ಉಳಿಯಬೇಕಲ್ಲ! ಹಲ್ಲು ಉದುರಿ, ಇಲಿಗಳು ಮೂಗಿನ ಮುಂದೆಯೇ ಓಡಾಡಿದರೂ ಅದು ಏಳಲಾರದಂತಾದಾಗ ಅವಳಿಗೆ ಎಲ್ಲಿಲ್ಲದ ಭಕ್ತಿ ಬಂತು. ನಮ್ಮದು ಲಿಂಗ ಕಟ್ಟಿದ ಮನೆ. ಬೆಕ್ಕಿಗೂ ಕೊನೆಗೆ ಬುದ್ಧಿ ಬಂತು, ಹಿಂಸೆ ಬಿಟ್ಟಿತು ಎಂದು ಬಂದವರಿಗೆಲ್ಲ ಹೇಳಿದಳು. ದಿನಾ ಸಂಜೆ ಪೂಜೆ ಮುಗಿಸಿ ಅದರ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ ಇಡುತ್ತಿದ್ದಳು. ಚಳಿಗಾಲಕ್ಕೆ ಒಲೆಯ ಪಕ್ಕದ ಬೆಚ್ಚಗಿನ ಹಾಸುಗಲ್ಲು ಅದಕ್ಕೇ ಮೀಸಲು. ಬೆಕ್ಕು ಮಾತ್ರ ಒಣಗುತ್ತ ಹೋಯಿತು.

ಎಮ್ಮೆಗೆ ಔಷಧ ಕೊಡಲು ಚಿತ್ತಾಪುರದಿಂದ ಬಂದಿದ್ದ ದನದ ಡಾಕ್ಟರು ಅದರ ಬೆನ್ನು ಸವರಿ ನೋಡಿದರು. "ಬೆಕ್ಕಿಗೆ ಬರೇ ಹಾಲು ರೊಟ್ಟಿ ಸಾಲಂಗಿಲ್ರಿ ಅಮ್ಮಾರ. ಮಾಂಸ ಕುದಿಸಿ, ಸಣ್ಣಗ ಹೆಚ್ಚಿ ಹಾಕ್ರಿ. ಇನ್ನೂ ಭಾಳ ದಿನ ಬದುಕ್ತದ."

ಡಾಕ್ಟರು ಚಹಾ ಕುಡಿದ ಕಪ್ಪನ್ನು ಅಜ್ಜಿ ಹಿತ್ತಿಲಿಗೆ ಒಯ್ದು, ಬೂದಿ ಹಾಕಿ ತಿಕ್ಕಿದಳು.

ಈ ಮಾತು ಗೋಡೆಯಾಚೆಯ ಮುಸಲ್ಮಾನರ ಮನೆಯಾಕೆಗೂ ಕೇಳಿಸಿತ್ತು. ಆಕೆ ಕುದಿಸಿದ ಕಲೇಜದ ಮಾಂಸದ ಚೂರುಗಳನ್ನು ಬೆಕ್ಕಿಗೆ ಹಾಕತೊಡಗಿದಳು. ಬೆಕ್ಕು ದಿನಾ ಮಧ್ಯಾಹ್ನ ಗೋಡೆಯ ಕಿಂಡಿಯಲ್ಲಿ ನುಸುಳಿ ಹೋಗಿ ತಿಂದು ಬರುತ್ತಿತ್ತು. ಸ್ವಲ್ಪ ದಿನಗಳಲ್ಲಿ ಮೈ ಹೊಳೆಯಿತು, ಕಟ್ಟೆಯನ್ನೂ ಏರಿತು. ಅಜ್ಜಿಯ ಜಂಬವನ್ನು ಕೇಳಬೇಕಿತ್ತು! "ಹಾಲಿನ ಗುಣ ನೋಡ್ರಿ. ಆ ಡಾಕ್ಟರಿಗೇನು ಗೊತ್ತದ?" ಎನ್ನುತ್ತಿದ್ದಳು. ಗುಟ್ಟು ಗೊತ್ತಿದ್ದ ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಸಂಜೆ ವಿಭೂತಿ ಹಚ್ಚುವಾಗ ಅದರ ಬಾಯಿಯ ವಾಸನೆ ಅಜ್ಜಿಯ ಮೂಗಿಗೆ ಬಡಿಯಿತು. ಬೆಕ್ಕಿನ ಬಾಯಿ ತೊಳೆದಳು. ಕಿಂಡಿಗೆ ಕಲ್ಲು ಜಡಿದಳು. ಹಳೆಯ ಸೀರೆಯ ಅಂಚು ಹರಿದು ಬೆಕ್ಕನ್ನು ತೊಗರಿ ಕೋಣೆಯ ಕಂಬಕ್ಕೆ ಕಟ್ಟಿದಳು. ಹಗ್ಗವಾದರೆ ಕುತ್ತಿಗೆ ನೊಂದೀತಂತೆ!

ಪಕ್ಕದಾಕೆ ಬಾಗಿಲಿಗೇ ಬಂದಳು. "ಬಿಡ್ರಿ ಆಯಿ, ಸತ್ತು ಹೋಗ್ತದ್ರಿ ಅದು."

"ಸತ್ರ ಸಾಯ್ಲಿ. ಶುದ್ಧ ಆಗಿ ಸಾಯ್ಲಿ."

ನಾನು ಅತ್ತು ಊಟ ಬಿಟ್ಟೆ. "ಹಂಗಾದ್ರ ನೀನೂ ಹಾಲು ಕುಡಿ" ಎಂದಳು ಅಜ್ಜಿ. ಆ ಹೊತ್ತಿಗೆ ನನಗೆ ಅವಳ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ದಿನ ಕಳೆದಂತೆ ಬೆಕ್ಕು ಹಾಲಿನ ಬಟ್ಟಲನ್ನೂ ಮೂಸದಾಯಿತು. ಅಜ್ಜಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಾಲಿನಲ್ಲಿ ಬೆರಳದ್ದಿ ಬಾಯಿಗಿಟ್ಟಳು. ಬೆಕ್ಕು ಉಳಿದಿದ್ದ ಒಂದೇ ಕೋರೆಹಲ್ಲನ್ನು ಆ ಬೆರಳಿಗೆ ಊರಿತು. ರಕ್ತ ಬಂತು. ಅದನ್ನು ನೆಕ್ಕಿತು, ಮತ್ತೆ ಕಚ್ಚಿತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿತು. ಅದು ಅವಳನ್ನು ತಿನ್ನಲು ನೋಡುತ್ತಿತ್ತು.

ಮರುದಿನ ಬೆಳಿಗ್ಗೆ ಸತ್ತಿತ್ತು. ಮಾತನಾಡಿಸಲು ಬಂದವರಿಗೆಲ್ಲ ಅಜ್ಜಿ ಬಟ್ಟೆ ಸುತ್ತಿದ ಬೆರಳು ತೋರಿಸಿ ಕಣ್ಣೊರೆಸಿಕೊಂಡಳು.

"ಎಷ್ಟು ಪ್ರೀತಿ ಇತ್ತರೀ ಅದಕ್ಕ ನನ್ನ ಮ್ಯಾಲ! ಕಡೀತನಕ ಈ ಬೆರಳು ಬಿಡಲಿಲ್ಲ."