ಎರಡು ಲೈನು, ಒಂದೇ ಖಾತೆ

ನನ್ನ ಗಂಡನಿಗೆ ಬ್ಯಾಂಕುಗಳ ಹುಚ್ಚು. ಅಮೆರಿಕದ ಡುಲುತ್‌ನಲ್ಲಿ ಮನೆ ಮಾಡಿದ ಹೊಸದರಲ್ಲಿ ಎರಡು ಬ್ಯಾಂಕುಗಳ ಕರಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಹೆಣ್ಣು ನೋಡಲು ಹೋದವರಂತೆ ವಾರಗಟ್ಟಲೆ ಅಳೆದು ಸುರಿದರು. ಒಂದರಲ್ಲಿ ತಂಟೆಯೂ ಇಲ್ಲ, ಬಡ್ಡಿಯೂ ಇಲ್ಲ. ಇನ್ನೊಂದರಲ್ಲಿ ದಿನಬಳಕೆಯ ಚೆಕಿಂಗ್ ಖಾತೆಗೇ ಒಳ್ಳೆಯ ಬಡ್ಡಿ, ಆದರೆ ತಿಂಗಳಿಗೆ ಹನ್ನೆರಡು ಸಲ ಡೆಬಿಟ್ ಕಾರ್ಡ್ ಉಜ್ಜಲೇಬೇಕು. ಒಂದು ಕಡಿಮೆಯಾದರೂ ಆ ತಿಂಗಳ ಬಡ್ಡಿ ಗೋತಾ. ಅವರು ತಂಟೆಯದನ್ನೇ ಆರಿಸಿಕೊಂಡರು. ನನ್ನನ್ನು ಆರಿಸಿದ್ದೂ ಹೀಗೇ ಇರಬೇಕು ಎಂದು ಚುಡಾಯಿಸಿದ್ದೆ.

ಜಂಟಿ ಖಾತೆ, ಇಬ್ಬರಿಗೂ ಒಂದೊಂದು ಕಾರ್ಡು. ಶನಿವಾರ ಇಂಡಿಯನ್ ಸ್ಟೋರಿಗೆ ಹೋದರೆ ಬುಟ್ಟಿಯೂ ಎರಡು. ನನ್ನದರಲ್ಲಿ ಅಕ್ಕಿ, ಬೇಳೆ. ಅವರದರಲ್ಲಿ ಬರೀ ಒಂದು ಕಟ್ಟು ಕೊತ್ತಂಬರಿ. ಎರಡು ಬಿಲ್ಲಾದರೆ ಹನ್ನೆರಡರಲ್ಲಿ ಎರಡು ಸಲ ಉಜ್ಜಿದ ಲೆಕ್ಕ. ಒಂದೇ ಮನೆಯವರು ಎರಡು ಬಿಲ್ ಮಾಡಿಸಿದರೆ ಕೌಂಟರಿನ ಹುಡುಗಿ ಗೊಣಗುತ್ತಾಳೆಂದು ಅವರಿಗೆ ಸಂಕೋಚ. ಅದಕ್ಕೇ ಅಕ್ಕಪಕ್ಕದ ಲೈನುಗಳಲ್ಲಿ ನಿಂತು ಪರಿಚಯವೇ ಇಲ್ಲದವರಂತೆ ನಾಟಕ.

"ಮೇಡಂ, ಈ ಕೊತ್ತಂಬರಿ ಫ್ರೆಶ್ ಇದೆಯಾ?" ಎಂದು ಗಂಭೀರವಾಗಿ ಕೇಳುವರು.

"ನಂಗೇನ್ ಗೊತ್ತು ಸಾರ್, ನಿಮ್ಮ ಮನೆಯೋರನ್ನ ಕೇಳಿ" ಎನ್ನುವೆ.

ಕಾರಿಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕೂಡಿದ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಕೆರೊಲಿನಾದ ಕಡಲತೀರಕ್ಕೆ ಹೋಗಿ ಬರುತ್ತಿದ್ದೆವು.

ಒಂದು ಮಂಗಳವಾರ ಅವರಿಗೆ ಆಫೀಸಿನಲ್ಲೇ ಹಾರ್ಟ್ ಅಟ್ಯಾಕ್ ಆಯಿತು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬ್ಯಾಂಕಿನಲ್ಲಿ ಅವರ ಕಾರ್ಡು ರದ್ದು ಮಾಡಿದರು. ಖಾತೆಯನ್ನು ನಾನೊಬ್ಬಳೇ ಮುಂದುವರಿಸಬಹುದು, ಆದರೆ ಹನ್ನೆರಡು ಸಲದ ನಿಯಮ ಹಾಗೇ ಇರುತ್ತದೆ ಎಂದರು. ಒಬ್ಬಳ ಅಡುಗೆಗೆ ಅಷ್ಟು ಸಲ ಏನು ಕೊಳ್ಳಲಿ? ವಾಷಿಂಗ್ಟನ್‌ನಲ್ಲಿ ಕೆಲಸದಲ್ಲಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಕ್ಲೋಸ್ ಮಾಡು. ಈ ಹೆಡೇಕ್ ಯಾಕೆ ನಿಂಗೆ?" ಎಂದಳು. ಅವಳು ಹೇಳಿದ್ದು ಸರಿ, ಅದಕ್ಕೇ ನನಗೆ ಸಿಟ್ಟು ಬಂತು. ಅವರ ಜೊತೆ ಮಾಡುತ್ತಿದ್ದುದರಲ್ಲಿ ಒಬ್ಬಳೇ ಮುಂದುವರಿಸಬಹುದಾದದ್ದು ಅದೊಂದೇ ಉಳಿದಿತ್ತು. ಆದರೂ ಸೋಮವಾರ ಹೋಗಿ ಮುಚ್ಚಿಸಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆ ಶನಿವಾರ ಒಂದೇ ಬುಟ್ಟಿ ಹಿಡಿದು ಸ್ಟೋರಿನಲ್ಲಿ ನಿಂತೆ. ಅಕ್ಕಿ, ಬೇಳೆ, ಕೊತ್ತಂಬರಿ ಎಲ್ಲ ಅದರಲ್ಲೇ. ಇಷ್ಟು ವರ್ಷ ನಮ್ಮೊಡನೆ ಇಂಗ್ಲಿಷಿನಲ್ಲಷ್ಟೇ ಮಾತಾಡಿದ್ದ ಕೌಂಟರಿನ ಹುಡುಗಿ ತಲೆಯೆತ್ತಿ ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದಳು.

"ಏನಾಂಟಿ, ಇವತ್ತು ಒಂದೇ ಬುಟ್ಟಿ? ಅಂಕಲ್ ಆ ಲೈನಲ್ಲಿ ಇಲ್ವಾ? ನಿಮ್ಮಿಬ್ಬರ ನಾಟಕ ನೋಡಕ್ಕೇ ನಾನು ಶನಿವಾರದ ಶಿಫ್ಟ್ ಕೇಳಿ ಹಾಕಿಸ್ಕೊಳ್ಳೋದು."

ನಮ್ಮ ಗುಟ್ಟು ಮೊದಲಿನಿಂದಲೂ ಅವಳಿಗೆ ಗೊತ್ತಿತ್ತು. ಇದನ್ನು ಮನೆಗೆ ಹೋಗಿ ಅವರಿಗೆ ಹೇಳಬೇಕು ಎಂದುಕೊಂಡೆ. ಹೇಳಲು ಅವರಿಲ್ಲ ಎಂಬುದು ಅದರ ಹಿಂದೆಯೇ ನೆನಪಾಯಿತು.

"ಅವರು ಹೋಗಿಬಿಟ್ರಮ್ಮ" ಎಂದೆ.

ಅವಳ ಕೈ ಬೇಳೆಯ ಪೊಟ್ಟಣದ ಮೇಲೆ ಹಾಗೇ ನಿಂತಿತು. ಕೊತ್ತಂಬರಿಯನ್ನು ಪಕ್ಕಕ್ಕೆ ಸರಿಸಿ, ಉಳಿದದ್ದಕ್ಕೆ ಬಿಲ್ ಮಾಡು ಎಂದೆ. ಕಾರ್ಡು ಉಜ್ಜಿದೆ. ಆಮೇಲೆ ಕೊತ್ತಂಬರಿ ಕಟ್ಟು ಎತ್ತಿಕೊಂಡು ಹೋಗಿ ಪಕ್ಕದ ಲೈನಿನ ಕೊನೆಯಲ್ಲಿ ನಿಂತೆ.