ಇಲಿಬೋನಿಗಿಟ್ಟ ಬಿಸ್ಕತ್ತು

ಒವನ್ನಿನ ಗಾಜಿನಾಚೆ ಹನ್ನೆರಡು ಬಿಸ್ಕತ್ತುಗಳು ಕೆಂಪಗಾಗುತ್ತಿವೆ. ಬೆಣ್ಣೆ, ಬೆಲ್ಲ, ಖರ್ಜೂರ ಮೂರೂ ಕೂಡಿ ಬಿಸಿಯಾದಾಗ ಏಳುವ ಈ ವಾಸನೆ ಇದೆಯಲ್ಲ, ಇದು ಮೂಗಿಗೆ ಬಿದ್ದರೆ ನಿಮಗೆ ಹಸಿವಾಗಬಹುದು, ನನಗೆ ಅನುಮಾನವಾಗುತ್ತದೆ. ನಗಬೇಡಿ. ಇದಕ್ಕೆ ಏನೇನು ಹಾಕಿದೆ ಎಂದು ನನಗೆ ಗೊತ್ತು, ಹಾಕಿದವಳೂ ನಾನೇ. ಆದರೂ ಒಳಗೊಬ್ಬಳು ಕೂತು ‘ಮತ್ತೇನಿದೆ ನೋಡು’ ಎನ್ನುತ್ತಲೇ ಇರುತ್ತಾಳೆ.

ನಾನು ಮೂವತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸಿ ನಿವೃತ್ತಳಾದವಳು. ತೂಕದಲ್ಲಿ ಮೋಸ ಮಾಡಲು ತಟ್ಟೆಯ ತಳಕ್ಕೆ ಮೆತ್ತಿದ ಹುಣಸೆಹಣ್ಣನ್ನು ಬೆರಳಲ್ಲೇ ಸವರಿ ಕಂಡುಹಿಡಿಯುತ್ತಿದ್ದೆ. ಗಿರಿನಗರದಲ್ಲಿರುವ ತಮ್ಮ ನನ್ನನ್ನು ಸಂಶಯಪಿಶಾಚಿ ಎನ್ನುತ್ತಾನೆ. ಅನ್ನಲಿ. ಆದರೆ ಈ ವಿದ್ಯೆಯನ್ನು ನಾನು ನೌಕರಿಯಲ್ಲಿ ಕಲಿತದ್ದಲ್ಲ, ಅಮ್ಮನಿಂದ ಕಲಿತದ್ದು. ಆರನೇ ಕ್ಲಾಸಿನಲ್ಲಿ ಗೆಳತಿಯ ಹುಟ್ಟಿದಹಬ್ಬಕ್ಕೆ ಹೋಗಿ ಒಂದು ತುಂಡು ಕೇಕು ತಿಂದು ಬಂದೆ. ಅಮ್ಮ ಹೊಸಿಲಲ್ಲೇ ತಡೆದಳು. ‘ಅದ್ರಲ್ಲಿ ಮೊಟ್ಟೆ ಇತ್ತಾ ಅಂತ ಕೇಳಿದ್ಯಾ?’ ಕೇಳಿರಲಿಲ್ಲ. ತಲೆಯ ಮೇಲೆ ಒಂದು ಬಿಂದಿಗೆ ತಣ್ಣೀರು ಬಿತ್ತು, ಹೊಸ ಫ್ರಾಕಿನ ಸಮೇತ. ‘ಯಾರೇ ಏನೇ ಕೊಡ್ಲಿ, ಕೇಳಿ ತಿನ್ನು’ ಎಂದಳು. ಅಲ್ಲಿಂದ ಮುಂದೆ ನಾನು ಕೇಳದೆ ತಿಂದದ್ದು ದೇವರ ಪ್ರಸಾದ ಒಂದೇ. ಅದನ್ನೂ ಒಮ್ಮೊಮ್ಮೆ ಮೂಸಿ ನೋಡುತ್ತಿದ್ದೆ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ನಾನೂ ಅಮ್ಮನೂ ಇದ್ದ ಬನಶಂಕರಿಯ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವಾಗ ಗೇಟಿಗೆ ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ತೂಗುಹಾಕಿದ್ದೆವು. ಅದನ್ನು ಓದಿಕೊಂಡೇ ಮೇಲೆ ಬಂದವಳು ಸವಿತಾ. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂನಲ್ಲಿ ಯಾವುದೋ ಆಫೀಸು. ಬಂದ ತಿಂಗಳಲ್ಲೇ ಒಂದು ಭಾನುವಾರ, ತನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಹಿಡಿದು ಕೆಳಗಿಳಿದಳು.

‘ಅಕ್ಕಾರ, ಕುಕೀಸ್ ಮಾಡೀನ್ರಿ. ಓಟ್ಸು, ಖರ್ಜೂರ, ಅಂಜೂರ, ಒಣದ್ರಾಕ್ಷಿ ಹಾಕೀನಿ. ಅಮ್ಮಾರಿಗೂ ಕೊಡ್ರಿ.’

‘ಅಯ್ಯೋ, ಯಾಕಮ್ಮ ಇಷ್ಟೆಲ್ಲ ತೊಂದ್ರೆ ತಗೊಂಡೆ’ ಎಂದು ಡಬ್ಬಿ ತೆಗೆದುಕೊಂಡೆ. ಅವಳ ಪಟ್ಟಿ ಅಲ್ಲಿಗೆ ಮುಗಿದಿತ್ತು, ನನ್ನ ಮನಸ್ಸಿನಲ್ಲಿ ಮುಗಿದಿರಲಿಲ್ಲ. ಓಟ್ಸು ತಾನಾಗಿ ಅಂಟಿಕೊಳ್ಳುತ್ತದೆಯೆ? ಹಿಟ್ಟು ಹಿಡಿದು ನಿಲ್ಲಲು ಏನೋ ಬೇಕಲ್ಲ? ನಗುನಗುತ್ತಾ ಕೊಡಲು ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿ ಹೇಗೆ ಕೇಳುವುದು?

ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಕೋಡುಬಳೆ ತುಂಬಿಸಿ ಕೊಟ್ಟೆ. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು. ಮುಂದಿನ ಭಾನುವಾರ ಮತ್ತೆ ಕುಕೀಸ್, ನನ್ನಿಂದ ಚಕ್ಕುಲಿ. ಅದರ ಮುಂದಿನ ವಾರ ಮತ್ತೆ. ಎಸೆಯಲು ಮನಸ್ಸಿಲ್ಲ, ಅನ್ನದ ಸಮಾನ. ತಿನ್ನಲು ಧೈರ್ಯವಿಲ್ಲ. ಎಣಿಸಿ ಎಣಿಸಿ ಒಂದು ಗಾಜಿನ ಭರಣಿಗೆ ಹಾಕಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟೆ.

ಈ ನಡುವೆ ತಾರಸಿಗೆ ಬಟ್ಟೆ ಒಣಗಹಾಕಲು ಹೋದಾಗ ಅವಳ ಗುಲಾಬಿ ಕುಂಡದಲ್ಲಿ ಬಿಳಿ ಚೂರುಗಳು ಕಂಡವು. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಗಿಡಕ್ಕೆ ಹಾಕುತ್ತಾರೆ ಎಂದು ಎಲ್ಲೋ ಓದಿದ್ದೆ. ರಂಗೋಲಿ ಕಲ್ಲೂ ಇರಬಹುದು. ಅಮ್ಮನ ಪಂಚಾಂಗ ಓದುವ ಭೂತಗನ್ನಡಿ ತಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಷ್ಟರಲ್ಲಿ ಸವಿತಾ ಬಂದು, ‘ಏನ್ ಹುಡುಕಾಕತ್ತೀರಿ ಅಕ್ಕಾರ?’ ಎಂದಳು. ‘ಓಲೆ ತಿರುಪು ಬಿತ್ತಮ್ಮ’ ಎಂದೆ. ಪಾಪದ ಹುಡುಗಿ, ಕಾಲು ಗಂಟೆ ನನ್ನ ಜೊತೆ ಮಂಡಿಯೂರಿ, ಬೀಳದ ತಿರುಪನ್ನು ಹುಡುಕಿದಳು.

ನಾನು ಇಂಥ ಪತ್ತೇದಾರಿಕೆಯಲ್ಲಿದ್ದಾಗ ಮನೆಯೊಳಗೆ ಅಮ್ಮ ಕರಗುತ್ತಿದ್ದಳು. ಜ್ವರ ಬಂದು ಹೋಗಿತ್ತು, ಹೋಗುವಾಗ ಬಾಯಿರುಚಿಯನ್ನೂ ಕೊಂಡೊಯ್ದಿತ್ತು. ಗಂಜಿಯಾದರೆ ಎರಡು ಚಮಚ, ಸಾರನ್ನವಾದರೆ ಒಂದು ತುತ್ತು, ಮೇಲೆ ‘ಸಾಕು ಕಣೆ’. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ‘ಏನಾದ್ರೂ ಸರಿ ಮೇಡಂ, ಹೊಟ್ಟೆಗೆ ಹೋಗ್ಬೇಕು. ಹೀಗೇ ಆದ್ರೆ ಕಷ್ಟ’ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ತಿನ್ನದೆ ಹೋಗಿಬಿಡುತ್ತಾಳೆ ಎಂದು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ.

ಹೀಗಿರುವಾಗ ಭರಣಿಯ ಲೆಕ್ಕ ತಪ್ಪಿತು. ಮೂವತ್ತೊಂದು ಇದ್ದದ್ದು ಇಪ್ಪತ್ತೇಳಾಗಿತ್ತು, ಮರುದಿನ ಇಪ್ಪತ್ತೈದು. ನೆಲಕ್ಕೆ ಬಗ್ಗಿ ನೋಡಿದೆ. ಚೂರುಗಳ ಜಾಡು ಬೀರುವಿನಿಂದ ಹೊರಟು ಅಮ್ಮನ ಕೋಣೆಯ ಬಾಗಿಲು ದಾಟಿ ಮಂಚದ ಹತ್ತಿರ ಮಾಯವಾಗಿತ್ತು. ಮೂವತ್ತೆರಡು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಇಲಿ ಮಂಚದ ಕೆಳಗಿದೆ ಎಂದು ತೀರ್ಮಾನಿಸಿದೆ. ಅಟ್ಟದಿಂದ ಮರದ ಇಲಿಬೋನು ಇಳಿಸಿ, ಅಭ್ಯಾಸವಾದ ರುಚಿಗೆ ಬೇಗ ಬೀಳುತ್ತದೆ ಎಂದು ಅದೇ ಬಿಸ್ಕತ್ತೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಮಧ್ಯಾಹ್ನ ಅಮ್ಮನ ಮಂಚದ ಕೆಳಗೆ ತಳ್ಳಿದೆ.

‘ಏನೇ ಅದು?’ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಮ್ಮ ಕೇಳಿದಳು.

‘ಇಲಿ ಬಂದಿದೆ. ಮೇಲಿನ ಮನೆ ಬಿಸ್ಕತ್ತು ದಿನಾ ತಿಂದು ಹೋಗ್ತಿದೆ.’

‘ಬೋನಿಗೆ ಏನಿಟ್ಟೆ?’

‘ಅದನ್ನೇ.’

ಎರಡು ವಾರದಿಂದ ನಾನು ಹಿಡಿದೆತ್ತದೆ ಏಳಲಾರದವಳು ಧಡಕ್ಕನೆ ಎದ್ದು ಕೂತಳು. ‘ಥೂ ನಿನ್ನ! ಅಂಥ ಒಳ್ಳೇ ಬಿಸ್ಕತ್ತನ್ನ ಇಲಿಗೆ ಇಡ್ತೀಯಾ? ಒಂದು ಕೊಬ್ಬರಿ ಚೂರು ಇರ್ಲಿಲ್ವಾ ಮನೇಲಿ?’

‘ಒಳ್ಳೇದು ಅಂತ ನಿನಗೆ ಹೇಗೆ ಗೊತ್ತು?’

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಸೆರಗಿನಲ್ಲೇ ಒಂದು ಓಟ್ಸಿನ ಎಸಳು ಅಂಟಿತ್ತು. ‘ನೀನು ವಾಕಿಂಗ್ ಹೋದಾಗ ಗೋಡೆ ಹಿಡ್ಕೊಂಡು ಹೋಗ್ತೀನಿ. ಫ್ಲಾಸ್ಕಿನ ಹಾಲಲ್ಲಿ ಅದ್ದಿದ್ರೆ ಮೆತ್ತಗಾಗತ್ತೆ’ ಎಂದಳು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ.

ನನಗೆ ಕುಣಿಯಬೇಕೆನಿಸಿತು. ಅಮ್ಮ ತಿಂದಿದ್ದಾಳೆ! ಮರುಕ್ಷಣ ಇನ್ನೊಂದು ಹೊಳೆಯಿತು. ಅವಳು ಹುಟ್ಟಿದಾಗಿನಿಂದ ಬೇಕರಿಯ ಬ್ರೆಡ್ಡನ್ನೂ ಮುಟ್ಟಿದವಳಲ್ಲ.

‘ಅಮ್ಮ, ಅದ್ರಲ್ಲಿ ಮೊಟ್ಟೆ ಇದ್ರೆ? ತಡಿ, ಈಗ್ಲೇ ಮೇಲೆ ಹೋಗಿ ಕೇಳ್ಕೊಂಡು ಬರ್ತೀನಿ.’

ಅಮ್ಮ ನನ್ನ ಮುಂಗೈ ಹಿಡಿದಳು. ಆ ಒಣಗಿದ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ.

‘ಕೇಳ್ಬೇಡ.’

‘ಅಲ್ಲಮ್ಮ...’

‘ಆ ಹುಡುಗಿ ಸುಳ್ಳು ಹೇಳೋಳಲ್ಲ. ಕೇಳಿದ್ರೆ ಇದ್ದದ್ದು ಹೇಳ್ಬಿಡ್ತಾಳೆ. ಇದೆ ಅಂದ್ರೆ ನಾನು ಬಿಡ್ಬೇಕಾಗತ್ತೆ. ಇದೊಂದೇ ಕಣೆ ಗಂಟಲಲ್ಲಿ ಇಳೀತಿರೋದು.’

ಫ್ರಾಕಿನ ಮೇಲೆ ತಣ್ಣೀರು ಸುರಿದ ಕೈ ಅದು. ನಾನು ಆ ಕೈಯನ್ನು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ಆಮೇಲೆ ಹಾಲು ಬಿಸಿ ಮಾಡಿ ತಂದೆ.

ಅಮ್ಮ ಮತ್ತೆ ಎರಡು ಯುಗಾದಿ ಕಂಡಳು. ಮೊದಲು ಬಿಸ್ಕತ್ತು, ನಿಧಾನವಾಗಿ ಗಂಜಿ, ಸಾರನ್ನ ಎಲ್ಲ ಇಳಿಯತೊಡಗಿದವು. ಬಿಸ್ಕತ್ತು ಮಾತ್ರ ಕೊನೆಯವರೆಗೂ ತಪ್ಪಲಿಲ್ಲ, ಸಂಜೆಗೆ ಎರಡು, ನನ್ನ ಕೈಯಿಂದಲೇ. ನಾನು ಪುಣ್ಯವಂತೆಯಾಗಿ ಬದಲಾದೆ ಎಂದುಕೊಳ್ಳಬೇಡಿ. ಪ್ರತಿ ಸಂಜೆ ಆ ಬಿಸ್ಕತ್ತನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬೆಳಕಿಗೆ ಹಿಡಿದರೆ ಏನು ಕಾಣುತ್ತದೋ ದೇವರೇ ಬಲ್ಲ. ತಾರಸಿಯಲ್ಲಿ ಗುಲಾಬಿ ಕುಂಡದ ಕಡೆ ತಿರುಗದೆ ಬಟ್ಟೆ ಒಣಗಿಸುವುದನ್ನು ರೂಢಿ ಮಾಡಿಕೊಂಡೆ. ಸವಿತಾಳಿಗೆ ‘ಸಖತ್ತಾಗಿತ್ತಮ್ಮ’ ಎನ್ನುತ್ತಿದ್ದೆ. ನಾನು ಒಂದನ್ನೂ ಬಾಯಿಗೆ ಹಾಕಲಿಲ್ಲ.

ಅಮ್ಮ ಹೋದ ಮೇಲೆ ಸವಿತಾ ಗೊಟ್ಟಿಗೆರೆಯಲ್ಲಿ ಮನೆ ಮಾಡಿಕೊಂಡು ಹೊರಟಳು. ‘ನಾ ಹೊಸಾದು ತಗೋತೀನ್ರಿ, ಇದು ನಿಮಗಿರ್ಲಿ’ ಎಂದು ಈ ಒವನ್ನನ್ನು ಬಿಟ್ಟುಹೋದಳು, ಗುಲಾಬಿ ಕುಂಡವನ್ನೂ. ಮಾಡುವ ರೀತಿ ಕೇಳಿದಾಗ ಒಂದೊಂದೇ ಹೇಳಿ ಕೊನೆಗೆ, ‘ಹಿಡಿದು ನಿಲ್ಲಾಕ ಬಾಳೆಹಣ್ಣು ಹಾಕಿದ್ರೂ ನಡೀತದ್ರಿ ಅಕ್ಕಾರ’ ಎಂದಳು. ಹಾಗಾದರೆ ನೀನು ಹಾಕುತ್ತಿದ್ದುದು ಏನು? ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂತಿತು. ಮುಂಗೈಯಲ್ಲಿ ಅಮ್ಮನ ಬೆರಳಿನ ಬಿಗಿ ಇನ್ನೂ ಇತ್ತು. ನುಂಗಿಕೊಂಡೆ.

ಇವತ್ತು ಅಮ್ಮನ ತಿಥಿ. ಶಾಸ್ತ್ರವೆಲ್ಲ ಬೆಳಗ್ಗೆ ಗಿರಿನಗರದಲ್ಲಿ ತಮ್ಮನ ಮನೆಯಲ್ಲಿ ನಡೆಯಿತು, ವಡೆ, ಪಾಯಸ ಎಲ್ಲವೂ ಆಯಿತು. ನಾನು ಮಧ್ಯಾಹ್ನ ಮನೆಗೆ ಬಂದು ನನ್ನ ಅಶಾಸ್ತ್ರೀಯ ಅಡುಗೆಗೆ ತೊಡಗಿದೆ. ಬಾಳೆಹಣ್ಣು ಹಾಕಿದ ಹನ್ನೆರಡು ಬಿಸ್ಕತ್ತು. ಈಗ ಬೆಂದಿವೆ, ನಿಮ್ಮ ಜೊತೆ ಮಾತಾಡುತ್ತಾ ಆರಿಯೂ ಆಗಿದೆ. ಬನ್ನಿ, ತಾರಸಿಗೆ ಹೋಗೋಣ.

ಒಂದನ್ನು ಹಾಲಲ್ಲಿ ಅದ್ದಿ, ಎಲೆಚೂರಿನ ಮೇಲೆ ಕಟ್ಟೆಯಲ್ಲಿಟ್ಟೆ. ನೀರಿನ ಟ್ಯಾಂಕಿನ ಮೇಲಿದ್ದ ಕಾಗೆ ಇಳಿದು ಬಂತು. ಕತ್ತು ಆ ಕಡೆ ಓರೆ ಮಾಡಿ ನೋಡಿತು, ಈ ಕಡೆ ಓರೆ ಮಾಡಿ ನೋಡಿತು. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ನಮ್ಮ ವಂಶದ್ದೇ, ಸಂಶಯವಿಲ್ಲ. ಮುಟ್ಟದೆ ಹಾರಿ ಮತ್ತೆ ಟ್ಯಾಂಕಿನ ಮೇಲೆ ಕೂತಿತು.

ಕಾಗೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎಂದರ್ಥ. ಮನೆಯವರು ಅದನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಆ ಆಸೆ ಏನೆಂದು ನಾನು ಯೋಚಿಸಬೇಕಾಗಲಿಲ್ಲ. ಅಲ್ಲೇ ನಿಂತು ಸವಿತಾಳಿಗೆ ಫೋನು ಮಾಡಿದೆ.

‘ಭಾನುವಾರ ಬಾರಮ್ಮ. ನಿನ್ನ ಡಬ್ಬಿ ತುಂಬಾ ಕುಕೀಸ್ ಮಾಡ್ಕೊಂಡು ಬಾ. ಅಮ್ಮನಿಗೆ ಬೇಕಂತೆ. ನಾನೂ ತಿಂತೀನಿ.’

ಅವಳು ಮೆಲ್ಲಗೆ, ‘ನೀವು ತಿಂತೀರಿ ಅಂದ್ರ, ಅಕ್ಕಾರ... ಅದಕ್ಕ ಏನ್ ಹಾಕಲ್ರಿ?’ ಎಂದಳು.

ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು, ಓಲೆಯ ತಿರುಪಿನ ಸಮೇತ.

‘ಅಮ್ಮನಿಗೆ ಏನು ಹಾಕ್ತಿದ್ದೆಯೋ ಅದನ್ನೇ ಹಾಕು’ ಎಂದೆ. ‘ಏನು ಅಂತ ಮಾತ್ರ ನನಗೆ ಹೇಳ್ಬೇಡ.’